ಕಾಸಿಲ್ಲದ ಬ್ಯಾಟ್‌ಮನ್, ಸಂಸಾರಸ್ಥ ಸ್ಪೈಡರ್‌ಮನ್, ನರಕದಲ್ಲಿ ಬೆಳೆದ ವಂಡರ್ ವುಮನ್

ಹಳೆಯ ಸೂಪರ್‌ಹೀರೋಗಳ ಕತೆಯನ್ನು ಬುಡದಿಂದ ಹೊಸದಾಗಿ ಕಟ್ಟುವ ಕೆಲಸಕ್ಕೆ ಅಮೆರಿಕದ ಎರಡು ದೊಡ್ಡ ಕಾಮಿಕ್ಸ್ ಪ್ರಕಾಶನಗಳು ಬಹುತೇಕ ಒಂದೇ ಕಾಲಕ್ಕೆ ಕೈಹಾಕಿದವು. ಮಾರ್ವೆಲ್ 2024ರ ಜನವರಿಯಲ್ಲಿ ‘ಅಲ್ಟಿಮೇಟ್ ಸ್ಪೈಡರ್‌ಮನ್’ ಸರಣಿಯನ್ನು ಆರಂಭಿಸಿತು; ಡಿಸಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅಬ್ಸೊಲ್ಯೂಟ್ ಬ್ಯಾಟ್‌ಮನ್’ ಮತ್ತು ‘ಅಬ್ಸೊಲ್ಯೂಟ್ ವಂಡರ್ ವುಮನ್’ ಸರಣಿಗಳನ್ನು ಹೊರತಂದಿತು. ಹಿಂದಿನ ನೂರಾರು ಸಂಚಿಕೆಗಳ ಪರಿಚಯ ಇಲ್ಲದವರೂ ಇವನ್ನು ಮೊದಲ ಪುಟದಿಂದಲೇ ಓದಬಹುದು. ಬಿಡಿ ಸಂಚಿಕೆಗಳು ಬೆಳಗಾವಿಯ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲವಾದ್ದರಿಂದ ಮೂರನ್ನೂ ಮೊದಲು ಟ್ಯಾಬ್‌ನಲ್ಲಿ ಓದಿ, ಸಂಪುಟಗಳು ಬಂದ ಮೇಲೆ ಆನ್‌ಲೈನ್‌ನಲ್ಲಿ ತರಿಸಿಕೊಂಡು ಮತ್ತೆ ಓದಿದೆ. ನನ್ನ ಮತ ವಂಡರ್ ವುಮನ್‌ಗೆ. ನಮ್ಮ ಬಳಗದಲ್ಲಿ ಹೆಚ್ಚಿನವರು ಬ್ಯಾಟ್‌ಮನ್ ಪಕ್ಷದವರಾಗಿರುವುದರಿಂದ ಕಾರಣಗಳನ್ನು ವಿವರವಾಗಿಯೇ ಹೇಳಬೇಕಾಗಿದೆ.

ಸ್ಕಾಟ್ ಸ್ನೈಡರ್ ಬರೆದು ನಿಕ್ ಡ್ರಾಗೋಟಾ ಚಿತ್ರಿಸಿರುವ ಬ್ಯಾಟ್‌ಮನ್‌ನಲ್ಲಿ ಬ್ಯಾಟ್‌ಮನ್ ಆಗುವ ಬ್ರೂಸ್ ವೇಯ್ನ್‌ಗೆ ಹಳೆಯ ಕತೆಗಳಲ್ಲಿದ್ದಂತೆ ಬಂಗಲೆಯೂ ಇಲ್ಲ, ಪಿತ್ರಾರ್ಜಿತವೂ ಇಲ್ಲ. ಅವನ ತಂದೆ ಶಾಲಾ ಶಿಕ್ಷಕ. ಮಕ್ಕಳನ್ನು ಮೃಗಾಲಯ ತೋರಿಸಲು ಕರೆದೊಯ್ದಾಗ ಗುಂಡೇಟಿಗೆ ಬಲಿಯಾದವನು. ತಾಯಿ ಬದುಕಿದ್ದಾಳೆ. ಆಲ್ಫ್ರೆಡ್ ಇಲ್ಲಿ ಮನೆಯ ಆಳಲ್ಲ, ದೂರದಿಂದ ಬ್ಯಾಟ್‌ಮನ್‌ನ ಮೇಲೆ ಕಣ್ಣಿಟ್ಟಿರುವ ಗೂಢಚಾರ. ಎಂಜಿನಿಯರ್ ಆದ ಬ್ರೂಸ್ ತನ್ನ ಸಲಕರಣೆಗಳನ್ನು ತಾನೇ ಮಾಡಿಕೊಳ್ಳುತ್ತಾನೆ: ಎದೆಯ ಮೇಲಿನ ಬಾವಲಿ ಲಾಂಛನವನ್ನು ಕಿತ್ತರೆ ಅದು ಕೊಡಲಿಯ ಅಲಗು, ಮುಖವಾಡದ ಕಿವಿಗಳನ್ನು ಎಳೆದರೆ ಅವು ಚೂರಿಗಳು. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವ ನನ್ನ ಸೋದರಮಾವನ ಮಗ ಈ ಪುಟಗಳನ್ನು ಕತೆಗಾಗಿ ನೋಡಲೇ ಇಲ್ಲ. ಆ ಕೊಡಲಿಗೆ ಹಿಡಿ ಎಲ್ಲಿ ಕೂಡುತ್ತದೆ, ಅಷ್ಟು ತೂಕದ ಲೋಹವನ್ನು ಎದೆಯ ಮೇಲೆ ಹೊತ್ತವನು ಬಗ್ಗುವುದು ಹೇಗೆ ಎಂದು ಲೆಕ್ಕ ಹಾಕುತ್ತ ಕುಳಿತ. ಓದುಗನನ್ನು ಹಾಗೆ ಕೂರಿಸಬಲ್ಲ ಶಕ್ತಿ ಡ್ರಾಗೋಟಾನ ಗೆರೆಗಿದೆ ಎಂಬುದನ್ನು ಒಪ್ಪಲೇಬೇಕು. ಇಕ್ಕಟ್ಟಾದ ಸಣ್ಣ ಚೌಕಟ್ಟುಗಳ ಸಾಲು ಮುಗಿಯುತ್ತಿದ್ದಂತೆ ಪುಟ ತುಂಬ ಎದ್ದು ನಿಲ್ಲುವ ಆ ದೈತ್ಯ ಮೈಕಟ್ಟು ಕಣ್ಣಿಗೆ ಅಪ್ಪಳಿಸುತ್ತದೆ.

ನನ್ನ ಆಕ್ಷೇಪ ಬೇರೆ. ಹಣವಿಲ್ಲದವನು ಹಣವಂತನಂತೆ ಹೋರಾಡಲಾರ. ಅವನು ಬೇರೆ ದಾರಿ ಹುಡುಕಬೇಕು, ಬೇರೆಯವರ ನೆರವು ಕೇಳಬೇಕು, ಕೆಲವೊಮ್ಮೆ ಸೋಲಬೇಕು. ಈ ಬ್ರೂಸ್‌ಗೆ ಬಾಲ್ಯದ ಗೆಳೆಯರಿದ್ದಾರೆ. ಹಳೆಯ ಕತೆಗಳಲ್ಲಿ ಖಳರಾಗಿದ್ದ ಹಾರ್ವೆ ಡೆಂಟ್, ಓಸ್ವಾಲ್ಡ್ ಕಾಬಲ್‌ಪಾಟ್ ಮೊದಲಾದವರೇ ಇಲ್ಲಿ ಆ ಗೆಳೆಯರು. ಇದು ಬಹಳ ಒಳ್ಳೆಯ ಕಲ್ಪನೆ. ಆದರೆ ಆಪತ್ತು ಬಂದಾಗಲೆಲ್ಲ ಲೇಖಕ ಇನ್ನಷ್ಟು ದೊಡ್ಡ ವಾಹನವನ್ನೋ ಇನ್ನಷ್ಟು ಹರಿತವಾದ ಆಯುಧವನ್ನೋ ತಂದು ನಿಲ್ಲಿಸುತ್ತಾನೆಯೇ ಹೊರತು ಆ ಗೆಳೆತನವನ್ನು ಆರಂಭದ ಸಂಚಿಕೆಗಳಲ್ಲಿ ನಾನು ಬಯಸಿದಷ್ಟು ದುಡಿಸಿಕೊಳ್ಳುವುದಿಲ್ಲ. ಬಡತನ ಹೆಸರಿಗಷ್ಟೇ ಉಳಿಯುತ್ತದೆ.

ಜೊನಾಥನ್ ಹಿಕ್ಮನ್ ಬರೆದಿರುವ ಸ್ಪೈಡರ್‌ಮನ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆ. ಇಲ್ಲಿ ಸ್ಪೈಡರ್‌ಮನ್ ಆಗುವ ಪೀಟರ್ ಪಾರ್ಕರ್ ಹದಿಹರೆಯದ ಹುಡುಗನಲ್ಲ. ಮೇರಿ ಜೇನ್‌ಳನ್ನು ಮದುವೆಯಾಗಿ ಇಬ್ಬರು ಮಕ್ಕಳ ತಂದೆಯಾದವನು. ಜೇಡ ಅವನನ್ನು ಆಕಸ್ಮಿಕವಾಗಿ ಕಚ್ಚುವುದಿಲ್ಲ. ಕಚ್ಚಿಸಿಕೊಳ್ಳಬೇಕೇ ಬೇಡವೇ ಎಂದು ಅವನೇ ತೀರ್ಮಾನಿಸುತ್ತಾನೆ. ಬೆನ್ ಚಿಕ್ಕಪ್ಪ ಬದುಕಿದ್ದಾನೆ, ಮೇ ಚಿಕ್ಕಮ್ಮ ತೀರಿಕೊಂಡಿದ್ದಾಳೆ. ಪೀಟರ್ ಮತ್ತು ಹ್ಯಾರಿ ಆಸ್ಬಾರ್ನ್ ದಂಪತಿಗಳು ಹೋಟೆಲ್‌ನಲ್ಲಿ ಊಟಕ್ಕೆ ಕೂತು ಮಾತಾಡುವುದಕ್ಕೇ ನಾಲ್ಕನೆಯ ಸಂಚಿಕೆ ಮೀಸಲಾಗಿದೆ. ಹೊಡೆದಾಟ ಬಯಸುವವರಿಗೆ ಅದು ಬೇಸರ ತಂದಿರಬಹುದು. ನನಗೆ ಇಡೀ ಸರಣಿಯಲ್ಲಿ ಅದೇ ಅತ್ಯುತ್ತಮ, ಏಕೆಂದರೆ ಹ್ಯಾರಿ ಆಸ್ಬಾರ್ನ್ ಮತ್ತು ಪೀಟರ್ ಏನನ್ನು ಮುಚ್ಚಿಡುತ್ತಿದ್ದಾರೆ ಎಂಬುದು ಅವರ ಹಗುರವಾದ ಮಾತುಗಳ ಸಂದಿಯಲ್ಲೇ ಓದುಗನಿಗೆ ಗೊತ್ತಾಗುತ್ತದೆ. ಮಾರ್ಕೊ ಚೆಕೆಟ್ಟೊನ ಚಿತ್ರಗಳು ಸೊಗಸಾಗಿವೆ. ನಡುನಡುವೆ ಬೇರೆ ಕಲಾವಿದರು ಬಂದಾಗ ಮುಖಗಳ ಚಹರೆ ಬದಲಾಗುವುದು ಕಿರಿಕಿರಿ. ಸಂಚಿಕೆಯಿಂದ ಸಂಚಿಕೆಗೆ ಕತೆಯೊಳಗೂ ತಿಂಗಳು ಕಳೆಯುವುದರಿಂದ, ನೋಡಲೇಬೇಕಾಗಿದ್ದ ಕೆಲವು ಘಟನೆಗಳು ಎರಡು ಸಂಚಿಕೆಗಳ ನಡುವೆ ಎಲ್ಲೋ ಆಗಿಹೋಗುತ್ತವೆ.

ಕೆಲ್ಲಿ ಥಾಂಪ್ಸನ್ ಮತ್ತು ಹೇಡನ್ ಶೆರ್ಮನ್ ಅವರ ವಂಡರ್ ವುಮನ್ ಗೆಲ್ಲುವುದು ಇಲ್ಲಿಯೇ. ಅಮೆಜಾನರೆಂಬ ಯೋಧೆಯರಿಂದ ಕಿತ್ತುಕೊಂಡ ಕೂಸು ಡಯಾನಾಳನ್ನು ದೇವತೆಗಳು ನರಕದಲ್ಲಿರುವ ಮಾಟಗಾತಿ ಸರ್ಸಿಗೆ ಒಪ್ಪಿಸುತ್ತಾರೆ. ಅಮೆಜಾನ್ ಎಂಬ ಹೆಸರನ್ನೇ ಅಲ್ಲಿ ಉಚ್ಚರಿಸುವಂತಿಲ್ಲ. ಹೀಗೆ ಬೆಳೆದವಳು ಎಲುಬಿನ ಕುದುರೆಯೇರಿ ಬರುವುದನ್ನು ನೋಡಿ ಇದು ಬರೀ ಭೀಕರತೆಯ ಪ್ರದರ್ಶನ ಎಂದುಕೊಳ್ಳುವಷ್ಟರಲ್ಲಿ, ಅವಳ ಕರುಣೆ ಎಲ್ಲಿಂದ ಬಂತೆಂಬುದನ್ನು ಥಾಂಪ್ಸನ್ ಹಿನ್ನೋಟದ ಪುಟಗಳಲ್ಲಿ ತೋರಿಸುತ್ತಾ ಹೋಗುತ್ತಾರೆ. ನರಕಕ್ಕೆ ಬಂದು ಬಿದ್ದ ಸ್ಟೀವ್ ಟ್ರೆವರ್ ಎಂಬ ಮನುಷ್ಯನನ್ನು ಭೂಮಿಗೆ ಮರಳಿಸಲು ಡಯಾನಾ ತನ್ನ ತೋಳನ್ನೇ ಬಲಿಕೊಡುತ್ತಾಳೆ. ಮಾಟಮಂತ್ರ ಅವಳಿಗೆ ಪುಕ್ಕಟೆಯಾಗಿ ಒದಗುವ ಆಯುಧವಲ್ಲ, ಪ್ರತಿ ಸಲವೂ ಬೆಲೆ ತೆರಬೇಕು. ಬ್ರೂಸ್‌ನ ಕೊಡಲಿಗೆ ಇಲ್ಲದ್ದು ಈ ಬೆಲೆಯೇ. ಬೆಳೆದ ಪರಿಸರ ಬದಲಾದದ್ದರಿಂದ ಇವಳ ವೇಷ ಮಾತ್ರವಲ್ಲ, ಹೋರಾಡುವ ಬಗೆಯೂ ಬದಲಾಗಿದೆ.

ಜೇಸನ್ ಆರನ್ ಬರೆಯುತ್ತಿರುವ ‘ಅಬ್ಸೊಲ್ಯೂಟ್ ಸೂಪರ್‌ಮನ್’ 2024ರ ನವೆಂಬರ್‌ನಲ್ಲಿ ಶುರುವಾಯಿತು. ದುಡಿಯುವ ವರ್ಗದ ಕ್ರಿಪ್ಟಾನ್ (ಸೂಪರ್‌ಮನ್‌ನ ಹುಟ್ಟುಗ್ರಹ) ಎಂಬ ಆಲೋಚನೆ ಚೆನ್ನಾಗಿದ್ದರೂ ಓದು ನನ್ನನ್ನು ಹಿಡಿದಿಡಲಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಸ್ಪೈಡರ್‌ಮನ್‌ನ ಸಂಭಾಷಣೆಯ ಪುಟಗಳು ಟ್ಯಾಬ್‌ನಲ್ಲಿ ಸುಗಮವಾಗಿ ಸಾಗುತ್ತವೆ. ಶೆರ್ಮನ್ ಅವರ ಪುಟ ಹಾಗಲ್ಲ. ಓರೆಯಾಗಿ, ಸುತ್ತುಗಟ್ಟಿ ಹರಡಿದ ಚೌಕಟ್ಟುಗಳನ್ನು ಪರದೆಯ ಮೇಲೆ ಒಂದೊಂದಾಗಿ ಹಿಗ್ಗಿಸಿ ನೋಡಿದರೆ ಅವುಗಳ ಸಂಬಂಧವೇ ಕಡಿದುಹೋಗುತ್ತದೆ. ಅದನ್ನು ಮುದ್ರಿತ ಸಂಪುಟದಲ್ಲಿಯೇ ಓದಬೇಕು, ಆದರೆ ಮಳೆಗಾಲ ಕಳೆದ ಮೇಲೆ ತರಿಸುವುದು ಲೇಸು. ಜುಲೈ ತಿಂಗಳ ನಮ್ಮೂರ ತೇವಕ್ಕೆ ನುಣುಪು ಕಾಗದ ಅಂಚಿನಲ್ಲಿ ಸುರುಳಿಗಟ್ಟುತ್ತದೆ. ಬ್ಯಾಟ್‌ಮನ್ ಸಂಪುಟ ಸದ್ಯಕ್ಕೆ ಉದ್ಯಮಬಾಗದಲ್ಲಿದೆ. ಅದನ್ನು ಮರಳಿ ಕೇಳುವ ಅವಸರ ನನಗಿಲ್ಲ.