ಪದೇ ಪದೇ ಮುಚ್ಚಿಕೊಳ್ಳುವ ಫೋಟೊ ತಂತ್ರಾಂಶ: ರಿಪೇರಿಯ ದಾರಿಗಳು, ಬದಲಿ ಆಯ್ಕೆಗಳು, ಒಂದು ಹೋಲಿಕೆ

ಮನೆಯ ಫೋಟೊಗಳನ್ನೆಲ್ಲ ಒಂದೆಡೆ ಜೋಡಿಸಿಡಲು ನಾನು ಆರು ವರ್ಷ ಬಳಸಿದ್ದ ತಂತ್ರಾಂಶವು ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ತೆರೆದು ಅರ್ಧ ನಿಮಿಷವಾಗುವಷ್ಟರಲ್ಲಿ ತಾನಾಗಿಯೇ ಮುಚ್ಚಿಕೊಂಡಿತು. ಮತ್ತೆ ತೆರೆದೆ, ಮತ್ತೆ ಮುಚ್ಚಿಕೊಂಡಿತು. ಆ ತಂತ್ರಾಂಶದ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಕೊನೆಗೆ ಕಂಡುಬಂದ ಕಾರಣವು ಅದೊಂದಕ್ಕೇ ಸೇರಿದ್ದಲ್ಲ.

ಸುಮಾರು 31,000 ಫೋಟೊಗಳು ಅದರಲ್ಲಿದ್ದವು. ಫೋಟೊಗಳ ಬ್ಯಾಕಪ್ ಬೇರೊಂದು ಡಿಸ್ಕಿನಲ್ಲಿ ಇದ್ದುದರಿಂದ ಅವುಗಳ ಬಗ್ಗೆ ನನಗೆ ಭಯವಿರಲಿಲ್ಲ. ಭಯವಿದ್ದದ್ದು ಹೆಸರುಗಳ ಬಗ್ಗೆ. ತಂದೆಯವರ ಕಾಲದ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ, ಎರಡು ಬೇಸಿಗೆ ರಜೆಗಳಲ್ಲಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಮದುವೆಯ ಚಪ್ಪರದಲ್ಲಿ ಯಾರು ನಿಂತಿದ್ದಾರೆ, ಯಾರ ಮಡಿಲಲ್ಲಿ ಯಾವ ಮಗುವಿದೆ ಎಂಬುದನ್ನು ಕೇಳಿ ಕೇಳಿ ಬರೆದಿಟ್ಟಿದ್ದೆ. ಆ ಬರಹವೆಲ್ಲ ಇದ್ದದ್ದು ತಂತ್ರಾಂಶದ ಸ್ವಂತ ಡೇಟಾಬೇಸಿನಲ್ಲಿ ಮಾತ್ರ, ಫೋಟೊ ಫೈಲುಗಳ ಒಳಗಲ್ಲ. ಅಮ್ಮನಿಗೆ ಈಗ ಎಂಬತ್ತಮೂರು ವರ್ಷ. ಅಷ್ಟೂ ಫೋಟೊಗಳ ಮುಂದೆ ಅವರನ್ನು ಮತ್ತೊಮ್ಮೆ ಕೂರಿಸುವುದು ಆಗದ ಮಾತು. ಹಾಗಾಗಿ ಈ ಹೋಲಿಕೆಯಲ್ಲಿ ನಾನು ಮೊದಲಿನಿಂದ ಕೊನೆಯವರೆಗೆ ಹಿಡಿದ ಅಳತೆಗೋಲು ಒಂದೇ: ತಂತ್ರಾಂಶ ನಾಳೆ ತೆರೆಯದೇ ಹೋದರೆ ನಾವು ಕೈಯಾರೆ ಬರೆದದ್ದು ಎಲ್ಲಿ ಉಳಿದಿರುತ್ತದೆ?

ಯಾವ ರಿಪೇರಿಗೂ ಕೈಹಾಕುವ ಮುಂಚೆ ಡೇಟಾಬೇಸ್ ಫೈಲನ್ನು, ಅದರ ಪಕ್ಕದಲ್ಲಿದ್ದ ಸಣ್ಣ ಸಹಾಯಕ ಫೈಲುಗಳನ್ನೂ ಸೇರಿಸಿ, ಬೇರೆಡೆ ನಕಲು ಮಾಡಿಟ್ಟುಕೊಂಡೆ. ತಂತ್ರಾಂಶ ಅರ್ಧದಲ್ಲಿ ನಿಂತುಹೋದಾಗ ಇನ್ನೂ ಮುಖ್ಯ ಫೈಲಿಗೆ ಸೇರದ ಬದಲಾವಣೆಗಳು ಆ ಸಹಾಯಕ ಫೈಲುಗಳಲ್ಲಿ ಇರಬಹುದು, ಆದ್ದರಿಂದ ಅವನ್ನು ಕಸವೆಂದು ಅಳಿಸಬಾರದು.

ಎಲ್ಲರೂ ಮೊದಲು ಸೂಚಿಸುವ ದಾರಿ ತಂತ್ರಾಂಶವನ್ನು ತೆಗೆದುಹಾಕಿ ಮತ್ತೆ ಹಾಕುವುದು. ನನಗೂ ಹಲವರು ಅದನ್ನೇ ಹೇಳಿದರು. ಇಪ್ಪತ್ತು ನಿಮಿಷ ಹಿಡಿಯಿತು, ಫಲ ಶೂನ್ಯ. ಕಾರಣ ಸರಳ: ಮರುಸ್ಥಾಪನೆಯಲ್ಲಿ ಬದಲಾಗುವುದು ತಂತ್ರಾಂಶದ ಸ್ವಂತ ಫೈಲುಗಳು ಮಾತ್ರ. ಬಳಕೆದಾರರ ಫೋಲ್ಡರಿನಲ್ಲಿರುವ ಸೆಟ್ಟಿಂಗ್‌ಗಳು, ಡೇಟಾಬೇಸ್, ಥಂಬ್‌ನೇಲ್ (ಫೋಟೊದ ಪುಟ್ಟ ಮುನ್ನೋಟ) ಸಂಗ್ರಹ ಮತ್ತು ಫೋಟೊಗಳು ಇದ್ದ ಹಾಗೆಯೇ ಇರುತ್ತವೆ. ತೊಂದರೆ ಇವುಗಳಲ್ಲಿ ಎಲ್ಲಿದ್ದರೂ ಹೊಸದಾಗಿ ಹಾಕಿದ ತಂತ್ರಾಂಶವು ಅದೇ ಕಲ್ಲನ್ನು ಎಡವುತ್ತದೆ.

ಎರಡನೆಯದಾಗಿ ಥಂಬ್‌ನೇಲ್ ಸಂಗ್ರಹವನ್ನು ಅಳಿಸಿದೆ. ಇದರಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲ, ಏಕೆಂದರೆ ಮೂಲ ಫೋಟೊ ಇರುವವರೆಗೆ ಥಂಬ್‌ನೇಲನ್ನು ಎಷ್ಟು ಸಲ ಬೇಕಾದರೂ ಮತ್ತೆ ತಯಾರಿಸಬಹುದು. ತಂತ್ರಾಂಶವು ಈ ಸಲ ಅರ್ಧ ನಿಮಿಷದ ಬದಲು ಹನ್ನೊಂದು ನಿಮಿಷ ನಡೆಯಿತು, ಆಮೇಲೆ ಮತ್ತೆ ಮುಚ್ಚಿಕೊಂಡಿತು. ರಿಪೇರಿಯೆಂದು ನೋಡಿದರೆ ಇದೂ ಸೋಲೇ. ಆದರೆ ರೋಗದ ಗುರುತು ಇಲ್ಲಿಯೇ ಸಿಕ್ಕಿತು: ಎಲ್ಲ ಥಂಬ್‌ನೇಲ್‌ಗಳನ್ನೂ ಹೊಸದಾಗಿ ಮಾಡುತ್ತ ಹೋದಾಗ ಅದು ಒಂದು ನಿರ್ದಿಷ್ಟ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಜಾಗ ಗೊತ್ತಿಲ್ಲದೆ ಎಲ್ಲೆಂದರಲ್ಲಿ ನಿಲ್ಲುವ ತಂತ್ರಾಂಶವಾದರೆ ಗಣಕದ ಮೆಮೊರಿಯನ್ನೋ ಗ್ರಾಫಿಕ್ಸ್ ಡ್ರೈವರನ್ನೋ ಸಂಶಯಿಸಬೇಕಾಗುತ್ತದೆ. ಒಂದೇ ಕಡೆ ನಿಲ್ಲುವುದಾದರೆ ಅಲ್ಲಿರುವ ಫೋಟೊವನ್ನು ಸಂಶಯಿಸಬೇಕು.

ಹಾಗಿದ್ದರೂ ಡೇಟಾಬೇಸನ್ನು ಪರೀಕ್ಷಿಸದೆ ಮುಂದೆ ಹೋಗಲು ಮನಸ್ಸು ಒಪ್ಪಲಿಲ್ಲ. ಇಂಥ ತಂತ್ರಾಂಶಗಳಲ್ಲಿ ಹೆಚ್ಚಿನವು ಎಸ್‌ಕ್ಯುಲೈಟ್ ಎಂಬ ಒಂದೇ ಫೈಲಿನ ಡೇಟಾಬೇಸನ್ನು ಬಳಸುತ್ತವೆ, ನನ್ನದೂ ಹಾಗೆಯೇ ಇತ್ತು. ಅದಕ್ಕೆ ‘ಪ್ರಾಗ್ಮಾ ಇಂಟಿಗ್ರಿಟಿ ಚೆಕ್’ ಎಂಬ ಒಂದು ಸಾಲಿನ ಆದೇಶವಿದೆ. ನಕಲಿನ ಮೇಲೆ ಅದನ್ನು ನಡೆಸಿದಾಗ ‘ಓಕೆ’ ಎಂಬ ಒಂದೇ ಪದ ಬಂತು. ಆ ದಿನ ನನಗೆ ಅದಕ್ಕಿಂತ ದೊಡ್ಡ ಸಮಾಧಾನ ಬೇರೆ ಇರಲಿಲ್ಲ. ಅಮ್ಮ ಹೇಳಿದ ಹೆಸರುಗಳು ಭದ್ರವಾಗಿದ್ದವು.

ಉಳಿದದ್ದು ಕೆಟ್ಟ ಫೈಲನ್ನು ಹುಡುಕುವ ಕೆಲಸ. ಇದಕ್ಕೆ ಎರಡು ದಾರಿಗಳಿದ್ದವು, ಎರಡನ್ನೂ ನಡೆದು ನೋಡಿದೆ.

ಒಂದು, ಅರ್ಧ ಅರ್ಧ ಮಾಡುತ್ತ ಹೋಗುವುದು. ನನ್ನ 412 ಫೋಲ್ಡರುಗಳಲ್ಲಿ ಅರ್ಧವನ್ನು ತಾತ್ಕಾಲಿಕವಾಗಿ ಹೊರಗೆ ಸರಿಸಿ ತಂತ್ರಾಂಶವನ್ನು ತೆರೆಯುವುದು, ನಿಂತರೆ ಒಳಗಿರುವ ಅರ್ಧದಲ್ಲಿ, ನಿಲ್ಲದಿದ್ದರೆ ಹೊರಗಿಟ್ಟ ಅರ್ಧದಲ್ಲಿ ಮತ್ತೆ ಅರ್ಧ ಮಾಡುವುದು. ಒಂಬತ್ತು ಸುತ್ತಿನಲ್ಲಿ 512 ಫೋಲ್ಡರುಗಳವರೆಗೂ ಜಾಲಾಡಬಹುದು. ಇದನ್ನು ಮಾಡುವಾಗ ಒಂದು ಎಚ್ಚರಿಕೆ ತೀರಾ ಅಗತ್ಯ. ಫೋಟೊಗಳು ಕಾಣೆಯಾದವೆಂದು ತಿಳಿದು ತಂತ್ರಾಂಶವು ತನ್ನ ಡೇಟಾಬೇಸಿನಿಂದ ಅವುಗಳ ವಿವರವನ್ನೇ ಅಳಿಸಿಬಿಡಬಹುದು, ಆದ್ದರಿಂದ ಈ ಪ್ರಯೋಗವನ್ನು ಖಾಲಿಯಾದ ಹೊಸ ಡೇಟಾಬೇಸಿನ ಮೇಲೆ ಮಾಡಬೇಕೇ ಹೊರತು ಹಳೆಯದರ ಮೇಲೆ ಅಲ್ಲ. ಸಂಜೆಯೆಲ್ಲ ಕುಳಿತು ಒಂದು ಕೆಟ್ಟ ಫೈಲನ್ನು ಹಿಡಿದೆ. ಅದನ್ನು ತೆಗೆದ ಮೇಲೂ ತಂತ್ರಾಂಶ ನಿಂತಿತು. ಎರಡನೆಯದು ಇತ್ತು.

ಇನ್ನೊಂದು, ತಂತ್ರಾಂಶವನ್ನೇ ಬದಿಗಿಟ್ಟು ಬೇರೊಂದು ಸಾಧನದಿಂದ ಪ್ರತಿಯೊಂದು ಫೈಲನ್ನೂ ಪೂರ್ತಿ ಓದಿಸುವುದು. ಇದಕ್ಕೆ, ಆದೇಶಗಳನ್ನು ಬರೆದು ಚಿತ್ರಗಳನ್ನು ಓದಿಸುವ, ಪರಿವರ್ತಿಸುವ ಇಮೇಜ್‌ಮ್ಯಾಜಿಕ್ ಎಂಬ ಸಾಧನವನ್ನು ಬಳಸಿದೆ. ಅದರ ‘ಐಡೆಂಟಿಫೈ’ ಆದೇಶವನ್ನು ಬರಿದಾಗಿ ಕೊಟ್ಟರೆ ಫೈಲಿನ ತಲೆಬರಹವನ್ನಷ್ಟೇ (ಚಿತ್ರದ ಅಳತೆ ಮುಂತಾದ ವಿವರವಿರುವ ಮೊದಲ ಭಾಗ) ಓದಿ ಅಗಲ ಎತ್ತರ ಹೇಳಿ ಮುಗಿಸುತ್ತದೆ. ‘ವರ್ಬೋಸ್’ ಆಯ್ಕೆಯನ್ನು ಸೇರಿಸಿದರೆ ಮಾತ್ರ ಒಂದೊಂದು ಪಿಕ್ಸೆಲನ್ನೂ ಬಿಚ್ಚಿ ನೋಡುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದೆ, ಬೆಳಿಗ್ಗೆ ದೋಷಗಳ ಪಟ್ಟಿ ಸಿದ್ಧವಿತ್ತು. ಅದರಲ್ಲಿ ಹನ್ನೊಂದು ಫೈಲುಗಳಿದ್ದವು.

ನನ್ನ ತೀರ್ಮಾನ ಈ ಎರಡರಲ್ಲಿ ಎರಡನೆಯದರ ಪರವಾಗಿದೆ, ಸಮಯ ಉಳಿಯುತ್ತದೆ ಎಂಬ ಕಾರಣಕ್ಕಲ್ಲ. ತಂತ್ರಾಂಶವನ್ನು ನಿಲ್ಲಿಸುತ್ತಿದ್ದದ್ದು ಎರಡೇ ಫೈಲುಗಳು. ಉಳಿದ ಒಂಬತ್ತು ಯಾವ ಸದ್ದೂ ಮಾಡದೆ ಕೆಟ್ಟು ಕುಳಿತಿದ್ದವು. ಅವುಗಳ ಹಳೆಯ ಥಂಬ್‌ನೇಲ್‌ಗಳು ಚೆನ್ನಾಗಿಯೇ ಕಾಣುತ್ತಿದ್ದುದರಿಂದ, ಒಳಗಿನ ಚಿತ್ರ ಅರ್ಧವೇ ಉಳಿದಿದೆ ಎಂಬುದು ತೆರೆದು ನೋಡುವವರೆಗೆ ಗೊತ್ತಾಗುವಂತಿರಲಿಲ್ಲ. ಅರ್ಧ ಅರ್ಧ ಮಾಡುವ ದಾರಿಯು ತಂತ್ರಾಂಶದ ರೋಗವನ್ನು ಗುಣಪಡಿಸುತ್ತದೆ, ಪೂರ್ತಿ ಓದಿಸುವ ದಾರಿಯು ಸಂಗ್ರಹದ ರೋಗವನ್ನು ತೋರಿಸುತ್ತದೆ.

ಫೈಲುಗಳು ಕೆಟ್ಟದ್ದು ಹೇಗೆಂಬುದೂ ತಿಳಿಯಿತು. 120 ಫಿಲ್ಮಿನ ಚೌಕ ನೆಗೆಟಿವ್‌ನ ಒಂದು ಬದಿ ಸುಮಾರು 56 ಮಿಲಿಮೀಟರ್. ಅದನ್ನು 3,200 ಡಿಪಿಐಯಲ್ಲಿ, 48 ಬಿಟ್ ಬಣ್ಣದಲ್ಲಿ, ಗಾತ್ರ ಕುಗ್ಗಿಸದ ಟಿಫ್ ಎಂಬ ಚಿತ್ರ ಫೈಲಾಗಿ ಉಳಿಸಿದರೆ ಒಂದೊಂದು ಬದಿಗೆ 7,000 ಪಿಕ್ಸೆಲ್ ದಾಟುತ್ತದೆ, ಫೈಲು ಸುಮಾರು 300 ಎಂಬಿ ಆಗುತ್ತದೆ. ತಂತ್ರಾಂಶವನ್ನು ನಿಲ್ಲಿಸುತ್ತಿದ್ದ ಫೈಲೊಂದರ ತಲೆಬರಹದಲ್ಲಿ ಈ ಅಳತೆಯೇ ಇತ್ತು, ಡಿಸ್ಕಿನ ಮೇಲೆ ಇದ್ದದ್ದು 117 ಎಂಬಿ. ಹೊರಗಿನ ಡಿಸ್ಕಿಗೆ ನಕಲಾಗುತ್ತಿದ್ದಾಗ ಕರೆಂಟು ಹೋಗಿತ್ತು, ನಮ್ಮ ಕಡೆ ಆಷಾಢದ ಗಾಳಿಗೆ ಅದು ದಿನನಿತ್ಯದ ಸಂಗತಿ. ತಲೆಬರಹವನ್ನು ನಂಬಿ ಮುಂದೆ ಮುಂದೆ ಓದುತ್ತ ಹೋದ ತಂತ್ರಾಂಶವು ಇಲ್ಲದ ಜಾಗದಲ್ಲಿ ಕಾಲಿಟ್ಟು ಬಿತ್ತು. ಹೀಗೆ ಬೀಳದಂತೆ ಬರೆಯಬೇಕಾದದ್ದು ತಂತ್ರಾಂಶದ ಕರ್ತವ್ಯ ಎಂಬುದು ನಿಜ, ಆದರೆ ಅರ್ಧ ಫೈಲನ್ನು ಯಾವ ತಂತ್ರಾಂಶವೂ ಪೂರ್ತಿ ಮಾಡಿಕೊಡಲಾರದು.

ಇಲ್ಲಿಗೆ ಹಳೆಯ ತಂತ್ರಾಂಶ ಸರಿಯಾಯಿತು. ಆದರೂ ಬದಲಿಯೊಂದನ್ನು ಹುಡುಕಲು ತೀರ್ಮಾನಿಸಿದೆ. ಡಾರ್ಕ್‌ಟೇಬಲ್, ಶಾಟ್‌ವೆಲ್, ಡಿಜಿಕ್ಯಾಮ್ ಎಂಬ ಮೂರನ್ನು, 300 ಫೋಟೊಗಳ ನಕಲಿನ ಮೇಲೆ, ಒಂದೇ ರೀತಿಯಲ್ಲಿ ಪರೀಕ್ಷಿಸಿದೆ: ಕನ್ನಡದಲ್ಲಿ ಟ್ಯಾಗ್ (ಹುಡುಕಲು ನೆರವಾಗುವ ಗುರುತುಪದ) ಮತ್ತು ಶೀರ್ಷಿಕೆ ಬರೆದು, ತಂತ್ರಾಂಶವನ್ನು ಮುಚ್ಚಿ, ಅದರ ಡೇಟಾಬೇಸನ್ನು ಬೇರೆಡೆಗೆ ಸರಿಸಿ, ಏನೂ ಗೊತ್ತಿಲ್ಲದ ಹೊಸ ತಂತ್ರಾಂಶದಂತೆ ಅದೇ ಫೋಲ್ಡರನ್ನು ಮತ್ತೆ ತೋರಿಸುವುದು. ಏನು ಮರಳಿ ಬರುತ್ತದೋ ಅಷ್ಟೇ ನಮ್ಮದು.

ಡಾರ್ಕ್‌ಟೇಬಲ್ ಪ್ರತಿ ಫೋಟೊದ ಪಕ್ಕದಲ್ಲಿ ಒಂದೊಂದು ಎಕ್ಸ್‌ಎಂಪಿ ಫೈಲನ್ನು ಇಡುತ್ತದೆ. ಎಕ್ಸ್‌ಎಂಪಿ ಎಂದರೆ ಫೋಟೊದ ಬಗೆಗಿನ ವಿವರವನ್ನು ಬರೆದಿಡುವ ಒಂದು ಮಾದರಿ. ಟ್ಯಾಗ್ ಮಾತ್ರವಲ್ಲ, ಫೋಟೊದ ಮೇಲೆ ಮಾಡಿದ ತಿದ್ದುಪಡಿಗಳ ಪೂರ್ತಿ ಇತಿಹಾಸವೂ ಅದರಲ್ಲಿರುವುದರಿಂದ ಡೇಟಾಬೇಸ್ ಹೋದರೂ ಎಲ್ಲವೂ ಮರಳಿತು. ಈ ಒಂದು ವಿಷಯದಲ್ಲಿ ಅದು ಮೂರರಲ್ಲಿ ಉತ್ತಮ. ಆದರೆ ಅದು ಮೂಲತಃ ಕ್ಯಾಮೆರಾದ ರಾ ಫೈಲುಗಳನ್ನು (ಕ್ಯಾಮೆರಾ ಹಿಡಿದ, ಇನ್ನೂ ಸಂಸ್ಕರಿಸದ ಮೂಲ ಚಿತ್ರಗಳನ್ನು) ಸಂಸ್ಕರಿಸಲು ಕಟ್ಟಿದ ಸಾಧನ. ಮನೆಮಂದಿಯ ಮುಖ ಗುರುತಿಸಿ ಹೆಸರು ಬರೆಯುವ ನನ್ನ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ರಾ ಫೋಟೊಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಶಾಟ್‌ವೆಲ್ ಹಗುರವಾದದ್ದು, ಕಲಿಯಲು ಸುಲಭ, ಮುಖ್ಯವಾಗಿ ಲಿನಕ್ಸ್ ಬಳಸುವವರಿಗೆ ಸಿಗುವಂಥದ್ದು. ಟ್ಯಾಗ್‌ಗಳನ್ನು ಫೋಟೊ ಫೈಲಿನೊಳಗೆ ಬರೆಯುವ ಆಯ್ಕೆ ಅದರಲ್ಲಿದೆ, ಆದರೆ ಅದಕ್ಕೆ ನಾವೇ ಗುರುತು ಹಾಕಿ ಚಾಲೂ ಮಾಡಬೇಕು. ಹಾಗೆ ಮಾಡಿದಾಗ ಟ್ಯಾಗ್‌ಗಳು ಮರಳಿದವು. ಕತ್ತರಿಸಿದ, ಬೆಳಕು ತಿದ್ದಿದ ವಿವರಗಳು ಡೇಟಾಬೇಸಿನಲ್ಲೇ ಇರುವ ಕಾರಣ ಮರಳಲಿಲ್ಲ. ಮೂಲ ಫೋಟೊವನ್ನು ಮುಟ್ಟಬಾರದೆಂಬ ನಿಯಮದಿಂದ ಬಂದ ಏರ್ಪಾಡು ಅದು, ತಿದ್ದಿದ ಪ್ರತಿ ಬೇಕೆಂದರೆ ರಫ್ತು ಮಾಡಿಕೊಳ್ಳಬೇಕು. ನನಗೆ ಒಗ್ಗದೆ ಹೋದದ್ದು ಬೇರೆಯದು. ಶಾಟ್‌ವೆಲ್ ಫೋಟೊಗಳನ್ನು ದಿನಾಂಕದ ಪ್ರಕಾರ ಘಟನೆಗಳಾಗಿ ಜೋಡಿಸುತ್ತದೆ. ಮೊಬೈಲ್ ಫೋಟೊಗಳಿಗೆ ಇದು ಬಹಳ ಅನುಕೂಲ. ಸ್ಕ್ಯಾನ್ ಮಾಡಿದ ನೆಗೆಟಿವ್‌ಗೆ ಮಾತ್ರ ಸ್ಕ್ಯಾನ್ ಮಾಡಿದ ದಿನವೇ ದಿನಾಂಕವಾಗುವುದರಿಂದ, ಅಜ್ಜನ ಷಷ್ಟ್ಯಬ್ದಿಯೂ ನನ್ನ ನಾಮಕರಣವೂ ಒಂದೇ ಭಾನುವಾರದ ಘಟನೆಗಳಾಗಿ ಕಾಣುತ್ತವೆ. ದಿನಾಂಕವನ್ನು ತಿದ್ದಲು ಸಾಧ್ಯ, ಆದರೆ ಸಾವಿರಾರು ಫೋಟೊಗಳಿಗೆ ಅದೇ ಒಂದು ಉದ್ಯೋಗವಾಗುತ್ತದೆ.

ಡಿಜಿಕ್ಯಾಮ್ ಅನ್ನು ಕೊನೆಗೆ ಆರಿಸಿಕೊಂಡೆ. ಅದರ ಆಲ್ಬಮ್ ಎಂದರೆ ಡಿಸ್ಕಿನ ಮೇಲಿನ ಫೋಲ್ಡರೇ ಆಗಿರುವುದರಿಂದ ನನ್ನ ಹಳೆಯ ಜೋಡಣೆ ಹಾಗೆಯೇ ಉಳಿಯಿತು. ಮೊದಲ ಸಲ ತೆರೆದಾಗಲೇ, ಬರೆದ ಮಾಹಿತಿಯನ್ನು ಫೈಲಿಗೆ ಸೇರಿಸಬೇಕೇ ಬೇಡವೇ ಎಂದು ಅದು ಕೇಳುತ್ತದೆ. ಈ ಒಂದು ಪ್ರಶ್ನೆಯನ್ನು ಎಲ್ಲ ತಂತ್ರಾಂಶಗಳೂ ಕೇಳಬೇಕಿತ್ತೆಂದು ನನ್ನ ಆಸೆ. ಪರೀಕ್ಷೆಯಲ್ಲಿ ಟ್ಯಾಗ್, ಶೀರ್ಷಿಕೆ, ಮುಖದ ಸುತ್ತ ಎಳೆದ ಚೌಕ, ಅದಕ್ಕೆ ಕೊಟ್ಟ ಹೆಸರು, ಎಲ್ಲವೂ ಮರಳಿದವು. ಹಲವು ಫೋಟೊಗಳನ್ನು ಒಂದರ ಕೆಳಗೆ ಗುಂಪು ಮಾಡಿದ ವಿವರ ಮರಳಲಿಲ್ಲ, ಅದು ಡೇಟಾಬೇಸಿಗೆ ಮಾತ್ರ ಸೇರಿದ್ದು. 2020ರ 7.0 ಆವೃತ್ತಿಯಿಂದ ಮುಖ ಗುರುತಿಸುವ ವಿಧಾನವು ಡೀಪ್ ಲರ್ನಿಂಗ್ ಆಧಾರಿತವಾಗಿದೆ, ಆ ಕೆಲಸವೆಲ್ಲ ನಮ್ಮ ಗಣಕದಲ್ಲೇ ನಡೆಯುತ್ತದೆ, ಫೋಟೊ ಹೊರಗೆ ಹೋಗುವುದಿಲ್ಲ. ಡೇಟಾಬೇಸ್ ಮಾತ್ರ ಗಣಕದ ಒಳಗಿನ ಡಿಸ್ಕಿನಲ್ಲೇ ಇರಲಿ. ನೆಟ್‌ವರ್ಕ್ ಡಿಸ್ಕುಗಳಲ್ಲಿ ಫೈಲ್ ಬೀಗದ (ಒಂದೇ ಫೈಲಿಗೆ ಇಬ್ಬರು ಒಮ್ಮೆಗೇ ಬರೆಯದಂತೆ ತಡೆಯುವ) ವ್ಯವಸ್ಥೆಯನ್ನು ನಂಬಲಾಗದ ಕಾರಣ ಎಸ್‌ಕ್ಯುಲೈಟ್ ಅಲ್ಲಿ ಕೆಡುವ ಸಂಭವ ಹೆಚ್ಚು.

ಬದಲಿಸುವವರು ಒಂದು ವಿಷಯವನ್ನು ಗಮನಿಸಬೇಕು. ಫೋಟೊದೊಳಗಿನ ಮಾಹಿತಿಯನ್ನು ಓದಿ ಬರೆಯಲು ಈ ಮೂರೂ ಅವಲಂಬಿಸಿರುವುದು ಎಕ್ಸಿವ್2 ಎಂಬ ಒಂದೇ ಲೈಬ್ರರಿಯನ್ನು, ಅಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡನ್ನು. ದೋಷವು ಅಂಥ ಹಂಚಿಕೆಯ ಭಾಗದಲ್ಲಿದ್ದರೆ ಮನೆ ಬದಲಿಸಿದರೂ ಅದೇ ಸೋರುವ ಸೂರು ಸಿಗಬಹುದು. ಆದ್ದರಿಂದಲೇ ಕಾರಣ ತಿಳಿಯುವ ಮುಂಚೆ ತಂತ್ರಾಂಶ ಬದಲಿಸಬಾರದೆಂದು ಹೇಳುತ್ತೇನೆ.

ಕನ್ನಡದಂಥ ಲಿಪಿಗಳಲ್ಲಿ ಬರೆಯುವವರಿಗೆ ಎದುರಾಗುವ ಎರಡು ತೊಡಕುಗಳನ್ನೂ ಇಲ್ಲಿ ಹೇಳಲೇಬೇಕು. ಅಕ್ಷರಗಳನ್ನು ಗಣಕದಲ್ಲಿ ಉಳಿಸುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ, ಒತ್ತಕ್ಷರ ಗುಣಿತಗಳ ಭಾಗಗಳನ್ನೂ ಸೇರಿಸಿ, ಮೂರು ಬೈಟ್ ಬೇಕು. ಫೋಟೊದೊಳಗೆ ವಿವರ ಬರೆದಿಡುವ ಹಳೆಯ ಐಪಿಟಿಸಿ ಮಾದರಿಯಲ್ಲಿ ಒಂದು ಕೀವರ್ಡ್‌ಗೆ (ಅಂದರೆ ಟ್ಯಾಗಿಗೆ) 64 ಬೈಟ್ ಮಾತ್ರ ಇರುವುದರಿಂದ ಇಪ್ಪತ್ತೊಂದು ಚಿಹ್ನೆಗಳಿಗೇ ಜಾಗ ಮುಗಿಯುತ್ತದೆ. ‘ತೀರ್ಥಹಳ್ಳಿಯ ಸುಬ್ಬಣ್ಣ ದೊಡ್ಡಪ್ಪ’ ಎಂಬ ಟ್ಯಾಗಿಗೆ 83 ಬೈಟ್ ಬೇಕು. ಎಕ್ಸ್‌ಎಂಪಿಯಲ್ಲಿ ಈ ಮಿತಿಯಿಲ್ಲ, ಆದ್ದರಿಂದ ಕನ್ನಡದ ಬರಹ ಅಲ್ಲಿಯೇ ಸೇರುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಇನ್ನೊಂದು ತೊಡಕು ಫೋಲ್ಡರಿನ ಹೆಸರಿನದು. ಹಳೆಯ ಮ್ಯಾಕ್‌ಗಳು ಡಿಸ್ಕಿನಲ್ಲಿ ಫೈಲುಗಳನ್ನು ಇಡಲು ಬಳಸುವ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಒಕಾರದ ಗುರುತನ್ನು ಎರಡು ಚಿಹ್ನೆಗಳಾಗಿ ಒಡೆದು ಉಳಿಸುತ್ತದೆ. ತಂಗಿಯ ಮ್ಯಾಕ್‌ನಿಂದ ಬಂದ ‘ಕೊಡಗು’ ಮತ್ತು ನಾನು ಬರೆದ ‘ಕೊಡಗು’ ಕಣ್ಣಿಗೆ ಒಂದೇ ಆದರೂ ಲಿನಕ್ಸಿಗೆ ಎರಡು ಬೇರೆ ಫೋಲ್ಡರುಗಳಾಗಿದ್ದವು. ಈಗ ಫೋಲ್ಡರಿಗೆ ವರ್ಷದ ಅಂಕಿಯನ್ನಷ್ಟೇ ಇಟ್ಟು, ಕನ್ನಡವನ್ನೆಲ್ಲ ಟ್ಯಾಗ್ ಮತ್ತು ಶೀರ್ಷಿಕೆಯಲ್ಲಿ ಬರೆಯುತ್ತಿದ್ದೇನೆ.

ಸರಿಹೋದ ಹಳೆಯ ತಂತ್ರಾಂಶದಿಂದ ಹೆಸರುಗಳನ್ನು ಫೈಲುಗಳೊಳಗೆ ಬರೆಸಲು, ಐನೂರು ಐನೂರರಂತೆ, ಯುಪಿಎಸ್‌ಗೆ ಜೋಡಿಸಿದ ಗಣಕದಲ್ಲಿ ನಾಲ್ಕು ದಿನ ಹಿಡಿಯಿತು. ಕೆಟ್ಟ ಹನ್ನೊಂದರಲ್ಲಿ ಎಂಟರ ನೆಗೆಟಿವ್‌ಗಳು ಅಪ್ಪ ಇಟ್ಟಿದ್ದ ಕಾಗದದ ಲಕೋಟೆಗಳಲ್ಲೇ ಇದ್ದವು, ಅವನ್ನು ಮತ್ತೆ ಸ್ಕ್ಯಾನ್ ಮಾಡಿದೆ. ಮೊಬೈಲಿನಲ್ಲಿ ತೆಗೆದ ಮೂರರಲ್ಲಿ ಎರಡು ತಮ್ಮನ ಹಳೆಯ ಫೋನಿನಲ್ಲಿ ಸಿಕ್ಕವು. ಒಂದು ಸಿಗಲಿಲ್ಲ. ಅದರಲ್ಲಿ ಯಾರು ಯಾರಿದ್ದರು ಎಂಬ ಅಮ್ಮನ ಮಾತು ಮಾತ್ರ ಡೇಟಾಬೇಸಿನಲ್ಲಿ ಉಳಿದಿತ್ತು. ಅದನ್ನು ಆ ವರ್ಷದ ಫೋಲ್ಡರಿನಲ್ಲಿ ಒಂದು ಸಾದಾ ಪಠ್ಯ ಫೈಲಾಗಿ ಬರೆದಿಟ್ಟಿದ್ದೇನೆ.