ಜೀಪ್ ಎತ್ತರಿಸೋಕೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೆಯುತ್ತಿದ್ದೇನೆ. ನನ್ನ ಜೀಪ್ ಕೆಡಿಸಿದ ಗ್ಯಾರೇಜಿಗೇ ಪರಿಚಯದ ಇನ್ನೊಬ್ಬರು ಅಡ್ವಾನ್ಸ್ ಕೊಡೋಕೆ ಹೊರಟಿದ್ದಾರೆ ಅಂತ ಮೊನ್ನೆ ಗೊತ್ತಾಯಿತು.

ಗಾಡಿ ಅಪ್ಪನ ಕಾಲದ ಮಹೀಂದ್ರ ಸಿಜೆ 3ಬಿ. ಸಕಲೇಶಪುರದ ತೋಟದಲ್ಲೇ ಸವೆದದ್ದು. 3 ಇಂಚು ಎತ್ತರಿಸಿ ದೊಡ್ಡ ಟಯರ್ ಹಾಕಿಸುವ ಹುಚ್ಚು ನನ್ನದು. ಬೆಂಗಳೂರಲ್ಲಿ ಒಬ್ಬ 'ಜೀಪ್ ಸ್ಪೆಷಲಿಸ್ಟ್' ಸಿಕ್ಕಿದ. 85 ಸಾವಿರಕ್ಕೆ ಮಾತಾಯಿತು, ಅಡ್ವಾನ್ಸ್ 50. ಬಿಲ್ ಕೇಳಿದರೆ "ನಾವು ಫ್ಯಾಮಿಲಿ ಥರ ಸರ್" ಅಂದ. ಆಗಲೇ ಎದ್ದು ಬರಬೇಕಿತ್ತು.

ಡೆಲಿವರಿ ದಿನ ಗಾಡಿ ಅಡಿಗೆ ಕರೆದ. "ಶಾಫ್ಟ್ ನೋಡಿ ಸರ್, ಪಿನಿಯನ್‌ಗೆ ಎಷ್ಟು ನೇರ ಕೂತಿದೆ! ಅಮೆರಿಕದ ಜೀಪುಗಳೆಲ್ಲ ಹೀಗೇ." ಶಾಫ್ಟ್ ಅಂದರೆ ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದ ದಂಡ, ಪಿನಿಯನ್ ಅಂದರೆ ಅದು ಬಂದು ಸೇರುವ ಹಿಂದಿನ ಹೌಸಿಂಗಿನ (ಆಕ್ಸಲ್ ಗೂಡಿನ) ಮೂತಿ. ಹೌಸಿಂಗ್ ಮೇಲೆ ಸ್ಪ್ರಿಂಗ್ ಕೂರುವ ಪ್ಯಾಡ್ ಕತ್ತರಿಸಿ, ಪಿನಿಯನ್ ಮೂತಿ ಮೇಲೆತ್ತಿ ವೆಲ್ಡ್ ಮಾಡಿದ್ದ. ನಾನೂ ನೆಲದ ಮೇಲೆ ಮಲಗಿ, ಫೋಟೋ ತೆಗೆದು, ಸ್ಟೇಟಸ್ ಹಾಕಿದೆ. ಹೌದು, ಸ್ಟೇಟಸ್ ಹಾಕಿದೆ.

ನೆಲಮಂಗಲ ದಾಟಿ 55 ಮುಟ್ಟುತ್ತಲೇ ಸೀಟಿನ ಕೆಳಗೆ ಗುಂಯ್ ಅನ್ನೋ ನಡುಕ. ಫೋನ್ ಮಾಡಿದೆ. "ವೀಲ್ ಬ್ಯಾಲೆನ್ಸ್ ಮಾಡಿಸಿ ಸರ್." ಮಾಡಿಸಿದೆ. ಹೋಗಲಿಲ್ಲ. "ಹೊಸ ಟಯರ್ ಅಲ್ವಾ ಸರ್, ಸೆಟ್ ಆಗಬೇಕು." ಸಾವಿರ ಕಿಲೋಮೀಟರ್ ಓಡಿಸಿದೆ. ಹೋಗಲಿಲ್ಲ. ಮೂರನೇ ಸಲ ಏನಂದ ಗೊತ್ತಾ? "ಜೀಪ್ ಅಂದ್ರೆ ಹಾಗೇ ಸರ್. ನೈಸಾಗಿ ಹೋಗಬೇಕಂದ್ರೆ ಕಾರ್ ತಗೋಬೇಕಿತ್ತು." ಮೂವತ್ತು ವರ್ಷದಿಂದ ಜೀಪ್ ಓಡಿಸುತ್ತಿರುವವನಿಗೆ!

ಬಿಸಿಲೆ ಘಾಟಿಯ ಏರಿನಲ್ಲಿ ಆ ಶಾಫ್ಟಿನ ಮುಂದಿನ ತುದಿಯ ಕ್ರಾಸ್ (ಶಾಫ್ಟ್ ಮಡಚಿಕೊಂಡೇ ತಿರುಗಲು ಬಿಡುವ ಕೀಲು) ಢಬ್ ಅಂತ ಮುರಿಯಿತು. ಗಾಡಿ ಹಿಂದೆ ಜಾರಿತು. ಹ್ಯಾಂಡ್ ಬ್ರೇಕ್ ಎಳೆದರೆ ಏನೂ ಇಲ್ಲ. 3ಬಿಯಲ್ಲಿ ಅದರ ಡ್ರಮ್ ಇರೋದು ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆಯ) ಬೆನ್ನಿಗೆ. ಶಾಫ್ಟ್ ಹೋದರೆ ಆ ಬ್ರೇಕೂ ಹೋದಂತೆ. ಕಾಲಿನ ಬ್ರೇಕ್ ಅದುಮಿ ಕೂತೆ, ತಮ್ಮ ಓಡಿ ಚಕ್ರಕ್ಕೆ ಕಲ್ಲು ಕೊಟ್ಟ. ಮುರಿದ ಶಾಫ್ಟ್ ಬಿಚ್ಚಿ ಹಾಕಿ, ಫೋರ್‌ವೀಲ್ ಹಾಕಿ, ಬರೀ ಮುಂದಿನ ಚಕ್ರದಲ್ಲೇ ಮನೆಗೆ ಬಂದೆವು.

ಹಾಸನದ ಲೇತ್ ಅಂಗಡಿಯ ಯಜಮಾನರು ಗಾಡಿಯನ್ನು ಚಕ್ರದ ಮೇಲೇ ನಿಲ್ಲಿಸಿ ಆಂಗಲ್ ಗೇಜ್ ಇಟ್ಟರು. ಟ್ರಾನ್ಸ್‌ಫರ್ ಕೇಸ್ 4 ಡಿಗ್ರಿ ಇಳಿಜಾರು. ಶಾಫ್ಟ್ ಕೂರುವುದು 15. ಪಿನಿಯನ್ 14. ಅಂದರೆ ಮುಂದಿನ ಕ್ರಾಸ್ 11 ಡಿಗ್ರಿ ಮಡಚುತ್ತಿತ್ತು, ಹಿಂದಿನದು ಬರೀ 1. ಪಿನಿಯನ್ನೂ 4ರಲ್ಲೇ ಇದ್ದಿದ್ದರೆ ಎರಡೂ ಕಡೆ 11. ಒಂದು ಕ್ರಾಸ್ ಹುಟ್ಟಿಸಿದ ಕುಲುಕನ್ನು ಇನ್ನೊಂದು ತಿಂದುಬಿಡುತ್ತಿತ್ತು. 11 ಅನ್ನೋದೂ ಜಾಸ್ತಿಯೇ, 80 ಇಂಚು ವೀಲ್‌ಬೇಸಿನ ಗಾಡಿ ಎತ್ತರಿಸಿದ ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಪಿನಿಯನ್ನನ್ನು ಶಾಫ್ಟಿಗೆ ನೇರ ಮಾಡುವುದು ಮೇಲ್ಗಡೆ, ಅಂದರೆ ಟ್ರಾನ್ಸ್‌ಫರ್ ಕೇಸಿನ ತುದಿಯಲ್ಲಿ, ಜೋಡಿ ಕ್ರಾಸ್ ಇರುವ ಶಾಫ್ಟಿಗೆ ಮಾತ್ರ. ಅಮೆರಿಕದ ವಿಡಿಯೋಗಳಲ್ಲಿ ಇರುವುದು ಅದೇ. ಇವನು ಹಾಕಿದ್ದು ಹಳೇ ಸಾದಾ ಶಾಫ್ಟ್.

"ಅವರು ಅಳತೆ ಮಾಡಿದ್ರಾ?" ಅಂತ ಯಜಮಾನರು ಕೇಳಿದರು. ಒಂದು ಕಣ್ಣು ಮುಚ್ಚಿ ನೋಡಿದ್ದ, ಅಷ್ಟೇ. ಅದೂ ಜ್ಯಾಕ್ ಮೇಲೆ, ಹೌಸಿಂಗ್ ನೇತಾಡುತ್ತಿರುವಾಗ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಪ್ಯಾಡ್ ಕಿತ್ತು ಮತ್ತೆ ಕೂರಿಸಲು ಇನ್ನೂ 18 ಸಾವಿರ. ಸ್ಪ್ರಿಂಗ್ ಎಳೆತಕ್ಕೆ ಮೂತಿ ಮೇಲೇಳುತ್ತದೆ ಅಂತ ಯಜಮಾನರು ಪಿನಿಯನ್ ಒಂದು ಡಿಗ್ರಿ ತಗ್ಗಿಸಿಯೇ ಇಟ್ಟರು. ನಡುಕ ಹೋಯಿತು.

ಗೇಜ್ ಇಟ್ಟು ಓದಿ ತೋರಿಸದವನಿಗೆ ವೆಲ್ಡಿಂಗ್ ಮುಟ್ಟಿಸಬೇಡಿ. ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಹೊಡೆಸಿ, ಗಾಡಿ ಕೆಳಗಿಳಿಸಿ ಅಳತೆ ಮಾಡಿಸಿ, ಆಮೇಲೆ ಫುಲ್ ವೆಲ್ಡ್. ಬಿಲ್ ಕೊಡದಿದ್ದರೆ ಎದ್ದು ಬನ್ನಿ.

ದುಡ್ಡು ವಾಪಸ್ ಕೇಳಿದ್ದಕ್ಕೆ "ಬೇರೆಯವರು ಕೈ ಹಾಕಿದ ಮೇಲೆ ವಾರಂಟಿ ಇಲ್ಲ ಸರ್" ಅಂತ ವಾಯ್ಸ್ ಮೆಸೇಜ್ ಬಂತು. ಅವನ ಪ್ರೊಫೈಲ್ ಫೋಟೋದಲ್ಲಿ ಇವತ್ತಿಗೂ ಇರುವುದು ನನ್ನ ಜೀಪೇ. ತೆಗೀರಿ ಅಂತ ನಾಲ್ಕು ಸಲ ಬರೆದೆ. ಬ್ಲೂ ಟಿಕ್ ಬಿದ್ದಿದೆ.