ಸ್ಟಾರ್‌ಡ್ಯೂ ವ್ಯಾಲಿ ಕೋ-ಆಪ್: ಯಾವ ಬೆಳೆಯಲ್ಲಿ ನಿಜಕ್ಕೂ ದುಡ್ಡು ಉಳಿಯುತ್ತದೆ?

ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ವಿಡಿಯೋ ಗೇಮನ್ನು ಒಬ್ಬರೇ ಆಡುವಾಗ ಯಾವ ಬೆಳೆ ಲಾಭ ಎಂಬ ಲೆಕ್ಕ ಸುಲಭ: ಮಾರಾಟದ ಬೆಲೆಯಿಂದ ಬೀಜದ ಬೆಲೆ ಕಳೆದರೆ ಆಯಿತು. ಮೂರ್ನಾಲ್ಕು ಜನ ಸೇರಿ ಒಂದೇ ಹೊಲದಲ್ಲಿ ಆಡುವಾಗ (ಇದೇ ಕೋ-ಆಪ್) ಆ ಪಟ್ಟಿ ಅರ್ಧ ಸುಳ್ಳಾಗುತ್ತದೆ. ಮಲ್ಟಿಪ್ಲೇಯರ್‌ನಲ್ಲಿ ಪೆಟ್ಟಿಗೆ ತೆರೆದು ನೋಡುತ್ತ ನಿಂತರೂ ಗಡಿಯಾರ ನಿಲ್ಲುವುದಿಲ್ಲ. ನೀರು ಹಾಕುವುದು ಇನ್ನೊಬ್ಬರ ಕೆಲಸ ಎಂದು ಎಲ್ಲರೂ ಅಂದುಕೊಂಡ ದಿನ ಯಾರೂ ಹಾಕಿರುವುದಿಲ್ಲ. ಹಾಗಾಗಿ ಇಲ್ಲಿ ಲಾಭದ ಜೊತೆಗೆ ಇನ್ನೊಂದು ಅಳತೆಯನ್ನೂ ಇಟ್ಟುಕೊಂಡಿದ್ದೇವೆ: ಎಷ್ಟು ದಿನದ ಮರೆವನ್ನು ಆ ಬೆಳೆ ತಡೆದುಕೊಳ್ಳುತ್ತದೆ? ಎಲ್ಲ ಲೆಕ್ಕವೂ ಒಂದು ಟೈಲ್‌ಗೆ (ಒಂದು ಗಿಡದ ಚೌಕಕ್ಕೆ), ಗೊಬ್ಬರವಿಲ್ಲದೆ, ಸಾಧಾರಣ ಗುಣಮಟ್ಟದ ಬೆಲೆಗೆ. ಋತುವಿಗೆ 28 ದಿನ.

ವಸಂತ: ಆಲೂಗಡ್ಡೆಯೋ ಹೂಕೋಸೋ?

ಆಲೂಗಡ್ಡೆ ಬೀಜ 50 ಗೋಲ್ಡ್ (ಆಟದ ಹಣ), 6 ದಿನಕ್ಕೆ ಕೊಯ್ಲು, ಬೆಲೆ 80. ಒಮ್ಮೊಮ್ಮೆ ಒಂದೇ ಗಿಡದಲ್ಲಿ ಎರಡು ಸಿಗುವುದರಿಂದ ನಾಲ್ಕು ಸುತ್ತಿಗೆ ಸುಮಾರು 200 ಉಳಿಯುತ್ತದೆ. ಹೂಕೋಸು ಬೀಜ 80, 12 ದಿನ, ಬೆಲೆ 175. ಎರಡು ಸುತ್ತಿಗೆ 190. ಕಾಗದದ ಮೇಲೆ ಎರಡೂ ಒಂದೇ. ಆದರೆ ಶುರುವಿನಲ್ಲಿ ಕೈಯಲ್ಲಿರುವುದು 500 ಗೋಲ್ಡ್, ಅದನ್ನು 12 ದಿನ ಮಣ್ಣಲ್ಲಿ ಹೂತಿಟ್ಟರೆ ಮನೆಮಂದಿಯೆಲ್ಲ ಕೈಕಟ್ಟಿ ಕೂರಬೇಕು. ಮೊದಲ ವಾರಕ್ಕೆ ಆಲೂಗಡ್ಡೆಯೇ ಸರಿ.

ಎರಡನೆಯ ಸುತ್ತಿಗೆ ಮಾತ್ರ ಆಲೂಗಡ್ಡೆ ಬೇಡ. 7ನೇ ತಾರೀಖು ಮತ್ತೆ ನೆಟ್ಟರೆ ಅದು ಕೊಯ್ಲಿಗೆ ಬರುವುದು 13ಕ್ಕೆ, ಅಂದರೆ ಎಗ್ ಫೆಸ್ಟಿವಲ್ ದಿನ. ಅವತ್ತು ಶಿಪ್ಪಿಂಗ್ ಬಿನ್‌ಗೆ ಹಾಕಿದ ಮಾಲಿನ ದುಡ್ಡು ಬರುವುದು ಮರುದಿನ ಬೆಳಿಗ್ಗೆ. ಸ್ಟ್ರಾಬೆರಿ ಬೀಜ ಸಿಗುವುದೋ ಹಬ್ಬದ ದಿನವೇ. ಆದ್ದರಿಂದ 7ಕ್ಕೆ ಆಲೂಗಡ್ಡೆ ಕಿತ್ತು ನೇರ ಪಿಯೆರ್ ಅಂಗಡಿಯಲ್ಲಿ ಮಾರಿ, ಬಂದ ಹಣಕ್ಕೆ ಪಾರ್ಸ್ನಿಪ್ ಹಾಕಿ. 20 ಗೋಲ್ಡ್ ಬೀಜ, 4 ದಿನ, ಬೆಲೆ 35. 11ಕ್ಕೆ ಕೊಯ್ದು ಮಾರಿದರೆ ಹಬ್ಬಕ್ಕೆ ಮೊದಲೇ ಕಾಸು ಕೈಯಲ್ಲಿರುತ್ತದೆ. 10ನೇ ತಾರೀಖು ಬುಧವಾರ, ಪಿಯೆರ್ ಬಾಗಿಲು ಹಾಕಿರುತ್ತಾನೆ ಎಂಬುದೂ ನೆನಪಿರಲಿ.

ಸ್ಟ್ರಾಬೆರಿ ಬೀಜ 100, 8 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 4 ದಿನಕ್ಕೊಮ್ಮೆ, ಹಣ್ಣಿಗೆ 120. ಹಬ್ಬ ಮುಗಿದು ಮನೆಗೆ ಬಂದಾಗ ರಾತ್ರಿ 10 ಗಂಟೆ. ಎಲ್ಲರೂ ಕತ್ತಲಲ್ಲಿ ನೆಡಲು ಓಡುತ್ತಾರೆ. ಅಷ್ಟು ಅವಸರ ಬೇಕಿಲ್ಲ. 16ರ ಒಳಗೆ ನೆಟ್ಟರೂ ಎರಡು ಕೊಯ್ಲು ಸಿಗುತ್ತದೆ (24 ಮತ್ತು 28). ಉಳಿಯುವುದು 140. ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಟ್ಟು 1ನೇ ತಾರೀಖು ನೆಟ್ಟರೆ ಐದು ಕೊಯ್ಲು, 500 ಉಳಿಕೆ. ಗುಂಪಿನಲ್ಲಿ ತಾಳ್ಮೆ ಇರುವವರು ಯಾರಾದರೂ ಇದ್ದರೆ ಅವರ ಪೆಟ್ಟಿಗೆಯಲ್ಲಿ ಒಂದಿಷ್ಟು ಬೀಜ ಇಡಿಸಿ.

ಬೇಸಿಗೆ: ನಿಜವಾದ ಪೈಪೋಟಿ

ಬ್ಲೂಬೆರಿ: ಬೀಜ 80, 13 ದಿನ, ನಂತರ 4 ದಿನಕ್ಕೊಮ್ಮೆ ಮೂರು ಹಣ್ಣು, ಒಂದಕ್ಕೆ 50. ನಾಲ್ಕು ಕೊಯ್ಲು, 520 ಉಳಿಕೆ. ಕೊನೆಯ ಕೊಯ್ಲು 26ಕ್ಕೆ, ಅಂದರೆ ಎರಡು ದಿನ ನೀರು ತಪ್ಪಿದರೂ ನಷ್ಟವಿಲ್ಲ.

ಕಲ್ಲಂಗಡಿಯಂಥ ಮೆಲನ್: ಬೀಜ 80, 12 ದಿನ, ಬೆಲೆ 250. ಎರಡು ಸುತ್ತಿಗೆ 340. ಮೂರು ದಿನದ ಸಡಿಲ ಇದೆ, ನಡುವೆ ಕೊಯ್ಲಿನ ಗೋಜಿಲ್ಲ. ಗಣಿಗೆ ಇಳಿಯುವ ಹುಚ್ಚು ಎಲ್ಲರಿಗೂ ಇದ್ದರೆ ಇದೇ ಹಾಕಿ.

ಸ್ಟಾರ್‌ಫ್ರೂಟ್: ಬೀಜ 400, 13 ದಿನ, ಬೆಲೆ 750. ಎರಡು ಸುತ್ತಿಗೆ 700 ಉಳಿಕೆ, ಹಸಿ ಮಾರಾಟದಲ್ಲಿ ಇದೇ ಮೇಲು. ಆದರೆ ಬೀಜ ಸಿಗುವುದು ಮರುಭೂಮಿಯ ಒಯಾಸಿಸ್ ಅಂಗಡಿಯಲ್ಲಿ. ಅದಕ್ಕೆ ಬಸ್ ರಿಪೇರಿಯಾಗಬೇಕು. ಅದಕ್ಕೆ ಹಣ ಕಟ್ಟುವ ವಾಲ್ಟ್ ಬಂಡಲ್‌ಗಳಿಗೆ ಒಟ್ಟು 42,500. ಎರಡನೆಯ ಕೊಯ್ಲು 27ಕ್ಕೆ, ಸಡಿಲ ಒಂದೇ ದಿನ.

ಹಾಪ್ಸ್: ಬೀಜ 60, 11 ದಿನ, ಆಮೇಲೆ ದಿನಾ ಒಂದು. ಹಸಿಯಾಗಿ ಮಾರಿದರೆ ಒಂದಕ್ಕೆ 25, 17 ಕೊಯ್ಲಿಗೆ 365 ಉಳಿಕೆ. ಕೆಗ್‌ಗೆ (ಹುದುಗಿಸುವ ಪೀಪಾಯಿಗೆ) ಹಾಕಿ ಪೇಲ್ ಏಲ್ (ಒಂದು ಬಗೆಯ ಬಿಯರ್) ಮಾಡಿದರೆ ಒಂದಕ್ಕೆ 300, ಅಂದರೆ ಒಂದೇ ಗಿಡದಿಂದ 5,100! ಈ ಅಂಕಿ ನೋಡಿಯೇ ಬಹಳ ಗುಂಪುಗಳು ಹೊಲ ತುಂಬ ಹಾಪ್ಸ್ ನೆಟ್ಟು ಕೈ ಸುಟ್ಟುಕೊಳ್ಳುವುದು. ಪೇಲ್ ಏಲ್ ಆಗಲು ಒಂದೂವರೆ ದಿನದಷ್ಟು ಬೇಕು. ಬೆಳಿಗ್ಗೆ ಒಮ್ಮೆ ಮಾತ್ರ ನೋಡುವವರಿಗೆ ಅದು ಎರಡು ದಿನವೇ ಲೆಕ್ಕ. ಗಿಡ ದಿನಾ ಬಿಡುತ್ತದೆ. ಹಾಗಾಗಿ ಒಂದು ಗಿಡಕ್ಕೆ ಎರಡು ಕೆಗ್. ಕೆಗ್‌ಗೆ 30 ಮರ, ತಾಮ್ರ ಮತ್ತು ಕಬ್ಬಿಣದ ಒಂದೊಂದು ಗಟ್ಟಿ, ಒಂದು ಓಕ್ ರೆಸಿನ್ ಬೇಕು, ಫಾರ್ಮಿಂಗ್ ಕೌಶಲದಲ್ಲಿ 8ನೇ ಹಂತ ತಲುಪಿರಬೇಕು. ಕಬ್ಬಿಣ ಸಿಗುತ್ತದೆ, ಓಕ್ ರೆಸಿನ್ ಬರುವುದು ಮರಕ್ಕೆ ಕಟ್ಟಿದ ಟ್ಯಾಪರ್‌ನಿಂದ ನಿಧಾನವಾಗಿ. ಎಲ್ಲರೂ ಸಿಕ್ಕಿಬೀಳುವುದು ಅಲ್ಲೇ.

ಇನ್ನೊಂದು ತೊಡಕು: ಹಾಪ್ಸ್ ಚಪ್ಪರದ ಬೆಳೆ, ಅದರೊಳಗೆ ನಡೆಯಲಾಗುವುದಿಲ್ಲ. ಎರಡು ಸಾಲಿಗೊಂದು ದಾರಿ ಬಿಡಿ. ಇಲ್ಲವಾದರೆ ಒಳಗಿನ ಗಿಡಕ್ಕೆ ಕೈ ಎಟುಕುವುದಿಲ್ಲ.

ಹಾಪ್ಸ್‌ಗೂ ಸ್ಟಾರ್‌ಫ್ರೂಟ್‌ಗೂ ತೂಗಿ ನೋಡುವುದಾದರೆ, ನಿಮಗೆ ಯಾವುದರ ಕೊರತೆ ಎಂದು ಮೊದಲು ಕೇಳಿಕೊಳ್ಳಿ. ಜಾಗ ಕಡಿಮೆ, ಕೆಗ್ ಬೇಕಾದಷ್ಟು ಎಂದಾದರೆ ಹಾಪ್ಸ್. ಕೆಗ್ ಕಡಿಮೆ ಎಂದಾದರೆ (ಕೋ-ಆಪ್‌ನಲ್ಲಿ ಸಾಮಾನ್ಯವಾಗಿ ಹೀಗೆಯೇ) ಸ್ಟಾರ್‌ಫ್ರೂಟ್: ಅದರ ವೈನ್ 2,250, ಏಳು ದಿನಕ್ಕೊಮ್ಮೆ ತೆಗೆದರೆ ಕೆಗ್ ಒಂದಕ್ಕೆ ದಿನಕ್ಕೆ 321. ಪೇಲ್ ಏಲ್‌ನಲ್ಲಿ ದಿನಕ್ಕೆ 150. ಬ್ಲೂಬೆರಿಯನ್ನು ಕೆಗ್‌ಗೆ ಹಾಕಲೇಬೇಡಿ. ವೈನ್ ಆದರೂ 150, ಪ್ರಿಸರ್ವ್ಸ್ ಜಾರ್‌ನಲ್ಲಿ ಜಾಮ್ ಆದರೂ 150, ಜಾರ್ ಮೂರೇ ದಿನದಲ್ಲಿ ಮುಗಿಸುತ್ತದೆ.

ಶರತ್ಕಾಲ: ಕ್ರ್ಯಾನ್‌ಬೆರಿ ಎದುರು ಕುಂಬಳ

ಕ್ರ್ಯಾನ್‌ಬೆರಿ ಬೀಜ 240, 7 ದಿನ, ಆಮೇಲೆ 5 ದಿನಕ್ಕೊಮ್ಮೆ ಎರಡು ಹಣ್ಣು, ಒಂದಕ್ಕೆ 75. ಐದು ಕೊಯ್ಲಿಗೆ 510. ಕುಂಬಳ ಬೀಜ 100, 13 ದಿನ, ಬೆಲೆ 320. ಎರಡು ಸುತ್ತಿಗೆ 440. ಪಟ್ಟಿಯಲ್ಲಿ ಕ್ರ್ಯಾನ್‌ಬೆರಿ ಗೆಲ್ಲುತ್ತದೆ, ನಮ್ಮ ಮತ ಕುಂಬಳಕ್ಕೆ. ಕ್ರ್ಯಾನ್‌ಬೆರಿಯ ಐದನೆಯ ಕೊಯ್ಲು ಬೀಳುವುದು ಸರಿಯಾಗಿ 28ಕ್ಕೆ. 2ನೇ ತಾರೀಖು ನೆಟ್ಟರೂ, ಒಂದು ದಿನ ನೀರು ತಪ್ಪಿದರೂ ಕೊನೆಯ 150 ಹೋಯಿತು, ಉಳಿಕೆ 360ಕ್ಕೆ ಇಳಿಯಿತು. 28ರ ಹಣ್ಣನ್ನು ಕೀಳದೆ ಎಲ್ಲರೂ ಮಲಗಿದರೆ ಮರುದಿನ ಗಿಡವೆಲ್ಲ ಒಣಕಲು. 100 ಟೈಲ್‌ಗೆ ಬಂಡವಾಳವೂ 24,000. ಕುಂಬಳಕ್ಕೆ ಮೊದಲ ಸುತ್ತಿಗೆ 10,000 ಸಾಕು. ಜಾರ್ ಕೆಲವೇ ಇದ್ದರೆ ವ್ಯತ್ಯಾಸ ಇನ್ನೂ ದೊಡ್ಡದು: ಒಂದು ಕುಂಬಳ ಜಾರ್‌ಗೆ ಹೋದರೆ 690 ಆಗುತ್ತದೆ, ಒಂದು ಕ್ರ್ಯಾನ್‌ಬೆರಿ 200. ಹೊಲವೆಲ್ಲ ಸ್ಪ್ರಿಂಕ್ಲರ್ ಕೆಳಗಿದ್ದು 1ನೇ ತಾರೀಖಿಗೇ ಬೀಜ ಕೈಯಲ್ಲಿದ್ದರೆ ಮಾತ್ರ ಕ್ರ್ಯಾನ್‌ಬೆರಿ.

ಯಾರು ಕೊಯ್ಯಬೇಕು, ಯಾರು ಮಾರಬೇಕು

ಹಣ್ಣಿನ ಗುಣಮಟ್ಟ ನಿರ್ಧಾರವಾಗುವುದು ಕೊಯ್ದವರ ಫಾರ್ಮಿಂಗ್ ಹಂತದಿಂದ. ಹಸಿಯಾಗಿ ಮಾರುವ ಬೆಳೆಯನ್ನು ಹೆಚ್ಚು ಹಂತದವರು ಕೊಯ್ಯಲಿ. ವೈನಿಗೂ ಜಾಮಿಗೂ ಹಣ್ಣಿನ ನಕ್ಷತ್ರ (ಗುಣಮಟ್ಟದ ಗುರುತು) ಲೆಕ್ಕಕ್ಕಿಲ್ಲ, ಆ ಕೊಯ್ಲನ್ನು ಹೊಸಬರಿಗೆ ಬಿಡಿ. ಅನುಭವದ ಅಂಕವೂ ಅವರಿಗೇ ಸೇರುತ್ತದೆ. ಚಿನ್ನದ ನಕ್ಷತ್ರದ ಹಣ್ಣು ಒಂದೂವರೆ ಪಟ್ಟು ಬೆಲೆಗೆ ಹೋಗುವುದರಿಂದ, ಸಾಧಾರಣ ಹಣ್ಣು ಇರುವಾಗ ಅದನ್ನು ಕೆಗ್‌ಗೆ ಸುರಿಯುವುದು ದಂಡ.

ಎಲ್ಲರಿಗೂ ಒಂದೇ ಪರ್ಸ್ ಇದ್ದರೆ ಗುಂಪಿನಲ್ಲಿ ಒಬ್ಬರು ಆರ್ಟಿಸನ್ (ವೈನ್, ಜಾಮ್‌ನಂಥ ಮಾಲಿಗೆ 40% ಹೆಚ್ಚು ಬೆಲೆ ತರುವ ಪರಿಣತಿ) ಆಗಿದ್ದರೂ ಆ 40% ಎಲ್ಲರ ವೈನಿಗೂ ಸಿಗುತ್ತದೆ. ಆದರೆ ಅವರು ಆ ದಿನ ಆಟದಲ್ಲಿ ಇರಬೇಕು. ಅವರಿಲ್ಲದ ದಿನ ಬಾಟಲಿಗಳು ಪೆಟ್ಟಿಗೆಯಲ್ಲೇ ಇರಲಿ. ಆರ್ಟಿಸನ್ ಒಬ್ಬರೇ ಸಾಕಾದ್ದರಿಂದ ಇನ್ನೊಬ್ಬರು ಅಗ್ರಿಕಲ್ಚರಿಸ್ಟ್ (ಬೆಳೆ ಬೇಗ ಬರಿಸುವ ಪರಿಣತಿ) ಆಯ್ದುಕೊಂಡು ಬಿತ್ತನೆ ಅವರೇ ಮಾಡುವುದು ಒಳ್ಳೆಯ ಹಂಚಿಕೆ.

ಗ್ರೀನ್‌ಹೌಸ್ ಬಂದ ಮೇಲೆ ಚರ್ಚೆ ಕಡಿಮೆ: 120 ಟೈಲ್‌ಗೂ ಏನ್ಶಿಯಂಟ್ ಫ್ರೂಟ್. ಮೊದಲ ಫಸಲಿಗೆ 28 ದಿನ, ಆಮೇಲೆ 7 ದಿನಕ್ಕೊಮ್ಮೆ, ಮತ್ತೆ ನೆಡುವ ಕೆಲಸವಿಲ್ಲ. ವೈನಿಗೆ 1,650. ವೈನಿಗೂ ಏಳು ದಿನ, ಹಣ್ಣಿಗೂ ಏಳು ದಿನ ಆದ್ದರಿಂದ ವಾರಕ್ಕೊಂದು ದಿನ ಗೊತ್ತು ಮಾಡಿ ಕೊಯ್ಲು, ಕೆಗ್ ಎರಡನ್ನೂ ಒಟ್ಟಿಗೆ ಮುಗಿಸಬಹುದು. ಗಿಡಗಳನ್ನೆಲ್ಲ ಒಂದೇ ದಿನ ನೆಡಿ. ಒಬ್ಬರು ಸೋಮವಾರ, ಇನ್ನೊಬ್ಬರು ಗುರುವಾರ ನೆಟ್ಟರೆ ಹಣ್ಣು ಎರಡು ಕಂತಿನಲ್ಲಿ ಬಂದು, ಇದೇ ಕೆಲಸ ವಾರಕ್ಕೆ ಎರಡು ಸಲ ಮಾಡಬೇಕಾಗುತ್ತದೆ.